ಕರೆ ಬಂದರೆ ಹೋಗುವವರು

ಆಶ್‌ಬರ್ನ್, ವರ್ಜೀನಿಯಾ
ಸೆಪ್ಟೆಂಬರ್ 14, 2010

ಗುರುಗಳಾದ ಕರಬಸಪ್ಪನವರಿಗೆ ರೇಣುಕಾದೇವಿಯ ನಮಸ್ಕಾರ.

ನೀವು ಗದಗ ಬಿಟ್ಟು ಮಗಳ ಮನೆಗೆ ಬಂದು ಎರಡು ವರ್ಷವಾಯಿತೆಂದು ಮೊನ್ನೆ ಲ್ಯಾನ್‌ಹ್ಯಾಮ್ ದೇವಸ್ಥಾನದ ಊಟದ ಸಾಲಿನಲ್ಲಿ ಯಾರೋ ಹೇಳಿದರು. ನನ್ನಿಂದ ಏಳು ತಾಸಿನ ದಾರಿಯಲ್ಲಿ ನನ್ನ ಮೇಷ್ಟ್ರು ಇದ್ದಾರೆ, ನನಗೆ ಗೊತ್ತೇ ಇಲ್ಲ! ತಕ್ಷಣ ಸ್ಮಿತಾಗೆ ಫೋನ್ ಮಾಡಿದೆ. “ಅಪ್ಪಗ ಈ-ಮೇಲ್ ಮಾಡಬ್ಯಾಡ್ರಿ, ಅದರಾಗ ಕನ್ನಡ ಬರೇ ಚೌಕ ಚೌಕ ಕಾಣ್ತದಂತ ಸಿಟ್ಟಿಗೇಳ್ತಾರ. ಪತ್ರ ಬರೀರಿ” ಎಂದಳು. ಬರೆಯುತ್ತಿದ್ದೇನೆ. ಕಾಗುಣಿತ ತಪ್ಪಿದ್ದರೆ ಕೆಂಪು ಶಾಯಿ ಎತ್ತಿಕೊಳ್ಳಬೇಡಿ.

ನಾನೀಗ ಇಲ್ಲಿ ಪಿಎಚ್‌ಡಿ ಮಾಡುತ್ತಿದ್ದೇನೆ. ವಿಷಯ ಕೇಳಿ ನಗಬಾರದು. ನಾಲ್ಕೈದು ನೂರು ವರ್ಷಗಳ ಹಿಂದೆ ಸ್ಕಾಟ್ಲೆಂಡಿನಲ್ಲಿ ಒಬ್ಬ ದೊರೆಯ ಪ್ರಜೆಯಾಗಿರುವುದೆಂದರೆ ಏನಾಗಿತ್ತು ಎಂಬುದು. ಆ ಕಾಲದ ಸ್ಕಾಟ್ಸ್ ಭಾಷೆಯ ಕಾಗದಗಳನ್ನೇ ಓದಬೇಕು. “ಹಳಗನ್ನಡ ಓದಿದವಳಿಗೆ ಇದೇನು ಕಷ್ಟ” ಎಂದು ಗೈಡ್ ಒಂದು ಕಟ್ಟು ನನ್ನ ಮೇಲೆ ಹೊರಿಸಿದ್ದಾರೆ. ಅದರಲ್ಲಿ ಒಂದು ಬಗೆಯ ಕರಾರು ನನಗೆ ಬಹಳ ಹಿಡಿಸಿದೆ. ಚಿಕ್ಕವನು ದೊಡ್ಡವನಿಗೆ “ನಾನು ನಿನ್ನ ಆಳು, ಕರೆದಾಗ ಬರುತ್ತೇನೆ” ಎಂದು ಬರೆದುಕೊಡುತ್ತಾನೆ. ದೊಡ್ಡವನು “ನಿನ್ನನ್ನು ಕಾಯುತ್ತೇನೆ” ಎಂದು ತಿರುಗಿ ಬರೆದುಕೊಡುತ್ತಾನೆ. ದೊರೆಗೂ ಪ್ರಜೆಗೂ ಇರುವ ಸಂಬಂಧವೂ ಹೀಗೆಯೇ ಎಂದು ಅವರು ತಿಳಿದಿದ್ದರಂತೆ. ನಮ್ಮ ಶಾಸನಗಳಲ್ಲಿ ಇಂಥದ್ದು ಇದೆಯೇ ಸರ್? ನೀವು ನಮ್ಮನ್ನು ಬಿಸಿಲಲ್ಲಿ ನಿಲ್ಲಿಸಿ ವೀರಗಲ್ಲು ಓದಿಸಿದ್ದು ಈಗ ಉಪಯೋಗಕ್ಕೆ ಬರುತ್ತಿದೆ.

ನಿಮ್ಮ ವಿದ್ಯಾರ್ಥಿನಿ,
ರೇಣುಕಾದೇವಿ


ಬ್ಯಾಲಂಟೈನ್, ಷಾರ್ಲಟ್
ಅಕ್ಟೋಬರ್ 3, 2010

ರೇಣುಕಾ, ಶರಣು.

ನಿನ್ನ ಪತ್ರದಲ್ಲಿ ಕಾಗುಣಿತದ ತಪ್ಪು ಮೂರು. ಹೋಗಲಿ ಬಿಡು. ಈ ಊರಲ್ಲಿ ಕನ್ನಡದಲ್ಲಿ ತಪ್ಪು ಮಾಡುವವರು ಸಿಕ್ಕರೂ ಸಂತೋಷವೇ. ನಮ್ಮ ಮೊಮ್ಮಗಳು ದೀಕ್ಷಿತಾ “ಅಜ್ಜ, ವಾಟ್ ಇಸ್ ವೀರಗಲ್ಲು?” ಎಂದಳು. “ಸತ್ತವನ ಕಲ್ಲು” ಎಂದೆ. “ಯೂ ಮೀನ್ ಗ್ರೇವ್‌ಯಾರ್ಡ್?” ಎಂದಳು. ಅಲ್ಲಿಗೆ ಪಾಠ ಮುಗಿಯಿತು.

ನೀನು ಕೇಳಿದ್ದಕ್ಕೆ ಬರುತ್ತೇನೆ. ನಮ್ಮಲ್ಲಿ ಜೋಳವಾಳಿ ಎಂಬ ಮಾತಿದೆ. ಒಡೆಯನ ಜೋಳ ಉಂಡವನು ಹೊತ್ತು ಬಂದಾಗ ಜೀವ ಕೊಟ್ಟು ಋಣ ತೀರಿಸಬೇಕು. ದೊರೆ ಸತ್ತರೆ ತಾನೂ ಸಾಯುತ್ತೇನೆಂದು ಮಾತು ಕೊಟ್ಟು, ಹಾಗೆಯೇ ಸತ್ತವರೂ ಇದ್ದರು. ಸತ್ತವನ ಮಕ್ಕಳಿಗೆ ಹೊಲ ಬಿಟ್ಟುಕೊಟ್ಟಿದ್ದಾರೆ, ಅದಕ್ಕೆ ನೆತ್ತರುಗೊಡಗೆ ಎನ್ನುತ್ತಿದ್ದರು. ಆದರೆ ಬದುಕಿರುವಾಗ “ನಿನ್ನನ್ನು ಕಾಯುತ್ತೇನೆ” ಎಂದು ಆಳಿಗೆ ಕಲ್ಲಿನಲ್ಲಿ ಬರೆಸಿಕೊಟ್ಟ ದೊರೆಯನ್ನು ನಾನಂತೂ ಕಂಡಿಲ್ಲ. ನಿನ್ನ ಸ್ಕಾಟರು ಜಾಣರು, ಎರಡೂ ಕಡೆಯಿಂದ ಬರೆಸಿಕೊಂಡರು. ಕೊಟ್ಟ ಮಾತು ನಡೆಯಿತೋ ಇಲ್ಲವೋ, ಅದನ್ನು ನೋಡು. ಕರಾರು ಓದುವುದು ಸುಲಭ, ಅದು ಮುರಿದ ದಿನ ಏನಾಯಿತು ಎಂಬುದೇ ಇತಿಹಾಸ.

ನಮ್ಮ ಮನೆಯವಳು ಬಸವ್ವ ನಿನ್ನನ್ನು ನೆನೆಸಿದಳು. “ಆಕಿ ರೊಟ್ಟಿ ಬಡಿಯೂದು ಕಲಿತಳೇನಿಲ್ಲ, ಕೇಳ್ರಿ” ಎನ್ನುತ್ತಿದ್ದಾಳೆ.

ಕರಬಸಪ್ಪ


ಬ್ಯಾಲಂಟೈನ್
ಮಾರ್ಚ್ 9, 2011

ರೇಣುಕಾ,

ನೀನು ಹಿಂದಿನ ಪತ್ರದಲ್ಲಿ ಬರೆದಿದ್ದ, ನಿನ್ನ ಸ್ಕಾಟರು ಕಾದಾಡಿದ ಸೇತುವೆಯನ್ನು ನೋಡಿ ಬಂದೆ. ಸ್ಮಿತಾಳನ್ನು ಕಾಡಿ ಬೇಡಿ ನಾಲ್ಕು ತಾಸು ಡ್ರೈವ್ ಮಾಡಿಸಿದೆ. ಅಲ್ಲಿ ಇರುವುದು ಒಂದು ಕರಿನೀರಿನ ಹಳ್ಳ, ಪೈನ್ ಮರಗಳು ಮತ್ತು ಮರದ ಸೇತುವೆ, ಅಷ್ಟೇ. ಮಗಳಿಗೆ ನಿರಾಸೆ, ನನಗೆ ಮೈ ಜುಂ ಎಂದಿತು.

ಸ್ಕಾಟ್ಲೆಂಡಿನ ಗುಡ್ಡದ ಜನ ಲಂಡನ್ನಿನ ದೊರೆಯ ವಿರುದ್ಧ ಎದ್ದು ಸೋತರು. ಅವರಲ್ಲಿ ಎಷ್ಟೋ ಜನ ಅದೇ ದೊರೆಗೆ ನಿಷ್ಠೆಯ ಪ್ರಮಾಣ ಮಾಡಿ ಈ ಕೆರೊಲಿನಾಕ್ಕೆ ಬಂದರು. ಮೂವತ್ತು ವರ್ಷದ ಮೇಲೆ, 1776ರಲ್ಲಿ, ಇಲ್ಲಿನವರು ದೊರೆಯೇ ಬೇಡವೆಂದಾಗ, ಕೊಟ್ಟ ಮಾತಿಗೆ ಕಟ್ಟುಬಿದ್ದು ದೊರೆಯ ಪರವಾಗಿ ಹೊರಟರು. ಎದುರಾಳಿಗಳು ಸೇತುವೆಯ ಹಲಗೆ ಕಿತ್ತು, ತೊಲೆಗಳಿಗೆ ಸಾಬೂನು ಕೊಬ್ಬು ಬಳಿದು ಕಾಯುತ್ತಿದ್ದರು. ಇವರು ಕತ್ತಿ ಹಿರಿದು ಅದರ ಮೇಲೆಯೇ ನಡೆದರು. ಕೆಲವೇ ನಿಮಿಷದಲ್ಲಿ ಎಲ್ಲ ಮುಗಿಯಿತಂತೆ.

ಮೂರ್ಖರು ಎನ್ನಬಹುದು. ನನಗೆ ಹಾಗೆನ್ನಲು ಬಾಯಿ ಬರಲಿಲ್ಲ. ನಾನೂ ಕರೆ ಬಂದರೆ ಹೋಗುವ ಜಾತಿಯವನೇ. ಮೂವತ್ತೊಂದು ವರ್ಷದ ನೌಕರಿಯಲ್ಲಿ ಒಂದು ಚುನಾವಣೆ ಡ್ಯೂಟಿಯನ್ನೂ ತಪ್ಪಿಸಿದವನಲ್ಲ. ಉಳಿದ ಲೆಕ್ಚರರುಗಳು ಬೆನ್ನು ನೋವು, ಅತ್ತೆ ತೀರಿಕೊಂಡರು ಎಂದು ಚೀಟಿ ತರುತ್ತಿದ್ದರು. ಒಬ್ಬನ ಅತ್ತೆ ಮೂರು ಸಲ ತೀರಿಕೊಂಡಳು.

ಕರಬಸಪ್ಪ


ಬ್ಯಾಲಂಟೈನ್
ಅಕ್ಟೋಬರ್ 12, 2012

ರೇಣುಕಾ,

ಒಂದು ಸಲಹೆ ಬೇಕು. ನೀನು ಇಲ್ಲಿನ ಕಾನೂನು ಕಟ್ಟಳೆ ಬಲ್ಲವಳು.

ಬೇಸಿಗೆಯಲ್ಲಿ ಕಿರಾಣಿ ಅಂಗಡಿಯ ಮುಂದೆ ಒಬ್ಬ ಹೆಂಗಸು ಮೇಜು ಹಾಕಿಕೊಂಡು ಕುಳಿತಿದ್ದಳು. ಹೆಸರು, ವಿಳಾಸ, ಹುಟ್ಟಿದ ದಿನ ಕೇಳಿ ಬರೆದುಕೊಂಡು, ತಾನೇ ಚೌಕಗಳಲ್ಲಿ ಗುರುತು ಹಾಕಿ ಸಹಿ ಮಾಡಿಸಿಕೊಂಡಳು. ನಾನು ಜನಗಣತಿ ಎಂದುಕೊಂಡೆ. ನಾನೇ ಎಷ್ಟು ಮನೆಗಳ ಕಟ್ಟೆಯ ಮೇಲೆ ಹಾಗೆ ಕುಳಿತಿಲ್ಲ! ಬಿಸಿಲಲ್ಲಿ ಬೆವರುತ್ತಿದ್ದಳು, ಪಾಪ, ಪ್ರಶ್ನೆ ಕೇಳಿ ಸತಾಯಿಸುವುದು ಬೇಡವೆನಿಸಿತು.

ಈಗ ಕೌಂಟಿಯಿಂದ ನನ್ನ ಹೆಸರಿಗೆ ಒಂದು ಕಾರ್ಡು ಬಂದಿದೆ. ನಾನು ಮತದಾರನಂತೆ. ನವೆಂಬರ್ 6ರಂದು ಇಂಥ ಚರ್ಚಿನ ಹಾಲಿನಲ್ಲಿ ಮತದಾನ ಎಂದಿದೆ. ಹೋಗದಿದ್ದರೆ ಏನು ಕ್ರಮ ಎಂದು ಬರೆದಿಲ್ಲ. ಗ್ರೀನ್ ಕಾರ್ಡಿನವರಿಗೂ ಇದು ಇದೆಯೇ, ನಾನು ಹೋಗಲೇಬೇಕೆ? ಸ್ಮಿತಾಳನ್ನು ಕೇಳಿಲ್ಲ. ಆಸ್ಪತ್ರೆಯ ಡ್ಯೂಟಿ ಮುಗಿಸಿ ಬಂದವಳೇ ಮಲಗುತ್ತಾಳೆ. ಸರ್ಕಾರದ ಕಾಗದ ಮನೆಯಲ್ಲಿಟ್ಟುಕೊಂಡು ಸುಮ್ಮನಿರುವುದು ನನ್ನಿಂದಾಗದು.

ಕರಬಸಪ್ಪ


ಆಶ್‌ಬರ್ನ್
ಅಕ್ಟೋಬರ್ 19, 2012

ಸರ್,

ಅವಸರದಲ್ಲಿ ಬರೆಯುತ್ತಿದ್ದೇನೆ, ಸೋಮವಾರದೊಳಗೆ ಮೂರನೆಯ ಅಧ್ಯಾಯ ಕೊಡಬೇಕು. ಕಾರ್ಡು ಬಂದಿದೆ ಎಂದರೆ ಪಟ್ಟಿಯಲ್ಲಿ ನಿಮ್ಮ ಹೆಸರಿದೆ ಎಂದೇ ಅರ್ಥ. ಅವರು ಎಲ್ಲ ನೋಡಿಯೇ ಕಳಿಸಿರುತ್ತಾರೆ. ಖಂಡಿತ ಹೋಗಿ ಮತ ಹಾಕಿ ಬನ್ನಿ, ಅದು ಕರ್ತವ್ಯ. ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ!

ಜೋಳವಾಳಿಯ ಬಗ್ಗೆ ನೀವು ಕೊಟ್ಟ ಉದಾಹರಣೆಗಳು ಗೈಡಿಗೆ ತುಂಬಾ ಇಷ್ಟವಾದವು. ಇನ್ನೂ ಎರಡು ಇದ್ದರೆ ಬೇಗ ಕಳಿಸಿ.

ರೇಣುಕಾ


ಬ್ಯಾಲಂಟೈನ್
ನವೆಂಬರ್ 8, 2012

ರೇಣುಕಾ,

ಹೋಗಿ ಬಂದೆ. ಬಿಳಿ ಅಂಗಿಗೆ ಇಸ್ತ್ರಿ ಮಾಡಿ, ಬಾಗಿಲು ತೆಗೆಯುವ ಮೊದಲೇ ಚರ್ಚಿನ ಮುಂದೆ ನಿಂತಿದ್ದೆ. ಸಾಲಿನಲ್ಲಿ ನಾನು ನಾಲ್ಕನೆಯವನು. ಎರಡು ಮೈಲಿ ನಡೆದೇ ಹೋದೆ. ಸ್ಮಿತಾಗೆ ಹೇಳಿಲ್ಲ, ಕಾಲುದಾರಿಯಿಲ್ಲದ ರಸ್ತೆಯಲ್ಲಿ ನಡೆದೆನೆಂದು ಕೂಗಾಡುತ್ತಾಳೆ.

ವ್ಯವಸ್ಥೆ ಸಾಧಾರಣ. ಏಜೆಂಟರ ಗಲಾಟೆ ಇಲ್ಲ, ಪೊಲೀಸರಿಲ್ಲ, ಬೆರಳಿಗೆ ಶಾಯಿ ಕೂಡ ಹಚ್ಚುವುದಿಲ್ಲ. ಎದೆಗೆ ಅಂಟಿಸಿಕೊಳ್ಳಲು ಒಂದು ಚೀಟಿ ಕೊಟ್ಟರು. “ಶಾಯಿ ಇಲ್ಲಂದ್ರ ಇನ್ನೊಮ್ಮೆ ಹೋಗಿ ಹಾಕಿ ಬಂದ್ರೂ ಯಾರು ಕೇಳ್ತಾರ್ರೀ?” ಎಂದು ಬಸವ್ವ ನಕ್ಕಳು. ನಾನು ಯಾರಿಗೆ ಹಾಕಿದೆ ಎಂದು ಅವಳಿಗೂ ಹೇಳಿಲ್ಲ, ನಿನಗೂ ಹೇಳುವುದಿಲ್ಲ.

ಸುಳ್ಳೇಕೆ ಹೇಳಲಿ, ಸಂತೋಷವಾಯಿತು. ಈ ದೇಶಕ್ಕೆ ಬಂದ ಮೇಲೆ ಯಾರೂ ನನ್ನನ್ನು ಏನೂ ಕೇಳಿರಲಿಲ್ಲ.

ಕರಬಸಪ್ಪ


ಆಶ್‌ಬರ್ನ್
ಜನವರಿ 25, 2015

ಸರ್,

ಎರಡು ವರ್ಷ ಪತ್ರ ಬರೆಯದೆ ಈಗ ಯಾವ ಮುಖ ಹೊತ್ತು ಬರೆಯಲಿ? ಥೀಸಿಸ್ ಮುಗಿಯಿತು. ಈಗ ವಾಷಿಂಗ್ಟನ್ನಿನಲ್ಲಿ ಕೇಂದ್ರ ಸರ್ಕಾರದ ಹಳೆಯ ದಾಖಲೆಗಳ ಕೆಲಸ ಸಿಕ್ಕಿದೆ. ನಮ್ಮೆಜಮಾನರು ತ್ಯಾಗರಾಜ ಇಲ್ಲೇ ಡೇಟಾ ಸೆಂಟರಿನಲ್ಲಿದ್ದಾರೆ. ಬಸವ್ವನವರಿಗೆ ಪಾರ್ಶ್ವವಾಯು ಆಯಿತೆಂದು ನಿನ್ನೆಯಷ್ಟೇ ತಿಳಿಯಿತು. ಹೇಗಿದ್ದಾರೆ? ಬೇಸಿಗೆಯಲ್ಲಿ ಖಂಡಿತ ಬಂದು ನೋಡುತ್ತೇನೆ.

ರೇಣುಕಾ


ಬ್ಯಾಲಂಟೈನ್
ಫೆಬ್ರವರಿ 11, 2015

ರೇಣುಕಾ,

ಬಸವ್ವನ ಬಲಗಡೆ ಪೂರ್ತಿ ಹೋಗಿದೆ. ಮನೆಯಲ್ಲಿ ನೋಡಿಕೊಳ್ಳಲು ಆಗದೆ ನರ್ಸಿಂಗ್ ಹೋಮಿನಲ್ಲಿ ಇಟ್ಟಿದ್ದೇವೆ. ಮಾತು ಅರ್ಧಂಬರ್ಧ, ನನಗೊಬ್ಬನಿಗೆ ತಿಳಿಯುತ್ತದೆ. ಇಂಗ್ಲಿಷ್ ಅವಳಿಗೆ ಮೊದಲೇ ಬರುತ್ತಿರಲಿಲ್ಲ. ನರ್ಸುಗಳು ಒಳ್ಳೆಯವರು. ನುಂಗು, ನೀರು, ಸಾಕು ಎಂಬ ಮೂರು ಮಾತುಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿದ್ದಾರೆ. ಆದರೆ ಅವರು ಹೇಳಿದರೆ ಅವಳು ನುಂಗುವುದಿಲ್ಲ. ಗಂಟಲಿಗೆ ಸಿಕ್ಕಿಕೊಳ್ಳುತ್ತದೆಂದು ಹೆದರಿಕೆ. ನಾನು ಗದ್ದ ಮುಟ್ಟಿ “ನುಂಗ” ಅನ್ನಬೇಕು. ಮಧ್ಯಾಹ್ನವೂ ಸಂಜೆಯೂ ಹೋಗುತ್ತೇನೆ. ನುಚ್ಚು ಮಜ್ಜಿಗೆ ಎಂಟು ಚಮಚ ಹೋದರೆ ಅಂದು ಹಬ್ಬ. ಕೆಲವೊಮ್ಮೆ ಬೇಸತ್ತು ನನ್ನ ಮೇಲೇ ಉಗುಳುತ್ತಾಳೆ, ಆಮೇಲೆ ಅಳುತ್ತಾಳೆ.

ಅಮೆರಿಕದಲ್ಲಿ ನನಗೇನು ಕೆಲಸ ಎಂದು ಏಳು ವರ್ಷ ಯೋಚಿಸಿದೆ. ಈಗ ಕೆಲಸ ಸಿಕ್ಕಿದೆ.

ನಿನ್ನ ಥೀಸಿಸ್ಸಿನ ಪ್ರತಿ ಕಳಿಸಲಿಲ್ಲ.

ಕರಬಸಪ್ಪ


ಬ್ಯಾಲಂಟೈನ್
ಮಾರ್ಚ್ 2, 2017

ರೇಣುಕಾ,

ಪೌರತ್ವಕ್ಕೆ ಅರ್ಜಿ ಹಾಕಿದ್ದೆ. ಬಸವ್ವ ಇನ್ನು ಈ ನೆಲ ಬಿಟ್ಟು ಏಳುವವಳಲ್ಲ, ಹಾಗಿದ್ದ ಮೇಲೆ ನಾನೂ ಇಲ್ಲಿಯವನೇ ಆಗುವುದು ಸರಿ ಎನಿಸಿತು. ನಿನ್ನೆ ಸಂದರ್ಶನ ಇತ್ತು. ಹಿಂದಿನ ಎಲ್ಲ ದೊರೆಗಳ ನಿಷ್ಠೆ ಬಿಡುತ್ತೇನೆಂಬ ಪ್ರಮಾಣವನ್ನು ಬಾಯಿಪಾಠ ಮಾಡಿಕೊಂಡು ಹೋಗಿದ್ದೆ. ಅಲ್ಲಿಯವರೆಗೆ ಹೋಗಲೇ ಇಲ್ಲ.

ಅಧಿಕಾರಿ ಮರ್ಯಾದಸ್ಥ. ಎಲ್ಲ ಸರಿಯಾಗಿ ನಡೆಯುತ್ತಿತ್ತು. “ಇಲ್ಲಿ ಎಂದಾದರೂ ಮತ ಹಾಕಿದ್ದೀರಾ?” ಎಂದರು. ಹೌದು ಎಂದೆ, 2012ರಲ್ಲಿ. ಇದು ನನ್ನ ಪರವಾದ ಅಂಶ ಎಂದುಕೊಂಡು, ಬಾಗಿಲು ತೆಗೆಯುವ ಮೊದಲೇ ಹೋಗಿದ್ದೆ ಎಂದೂ ಸೇರಿಸಿದೆ. ಅವರ ಪೆನ್ನು ನಿಂತಿತು. ಮತ್ತೆರಡು ಸಲ ಕೇಳಿದರು. ಒಂದು ಹೇಳಿಕೆ ಟೈಪ್ ಮಾಡಿ ತಂದರು. ಸಹಿ ಮಾಡಿದೆ.

ಕಾರಿನಲ್ಲಿ ಸ್ಮಿತಾಗೆ ಹೇಳಿದೆ. ರಸ್ತೆಯ ಬದಿಗೆ ಕಾರು ನಿಲ್ಲಿಸಿಬಿಟ್ಟಳು. “ಅಪ್ಪಾ, ಸಿಟಿಜನ್ ಅಲ್ಲದವ್ರು ವೋಟ್ ಮಾಡಿದ್ರ ಡಿಪೋರ್ಟ್ ಮಾಡ್ತಾರ! ನನ್ನ ಒಂದು ಮಾತು ಕೇಳಬಾರದಿತ್ತಾ? ಯಾರು ಹೇಳಿದ್ರು ನಿಮಗ ಹೋಗ್ರಿ ಅಂತ?” ಎಂದು ಅಳತೊಡಗಿದಳು. ಯಾರೂ ಇಲ್ಲ ಎಂದೆ.

ಇದು ಅಷ್ಟು ದೊಡ್ಡ ತಪ್ಪೇ, ರೇಣುಕಾ? ನನ್ನನ್ನು ಕಳಿಸಿದರೆ ಬಸವ್ವನ ಬಾಯಿಗೆ ಯಾರು ಚಮಚ ಇಡುತ್ತಾರೆ?

ಕರಬಸಪ್ಪ


ಆಶ್‌ಬರ್ನ್
ಮಾರ್ಚ್ 20, 2017

ಸರ್,

ಗಾಬರಿಯಾಗಬೇಡಿ. ಒಳ್ಳೆಯ ಇಮಿಗ್ರೇಷನ್ ವಕೀಲರನ್ನು ಹಿಡಿಯಿರಿ. ವಯಸ್ಸು ನೋಡಿ ಬಿಡುತ್ತಾರೆ. ಆ ಕಾಲದಲ್ಲಿ ನಾವು ಈ ಬಗ್ಗೆ ಏನಾದರೂ ಬರೆದುಕೊಂಡಿದ್ದೆವೇ, ನನಗೆ ನೆನಪಿಲ್ಲ. ಇಲ್ಲಿ ಆಫೀಸಿನಲ್ಲಿ ಬಹಳ ಒತ್ತಡ.

ರೇಣುಕಾ


ಬ್ಯಾಲಂಟೈನ್
ಆಗಸ್ಟ್ 27, 2017

ರೇಣುಕಾ,

ನನ್ನ ಮೇಲೆ ಕೇಸು ಹಾಕಿದ್ದಾರೆ. ಬೆರಳಚ್ಚು ತೆಗೆದುಕೊಂಡರು. ಈಗ ಶಾಯಿ ಬಂತು ನೋಡು, ಐದು ವರ್ಷ ತಡವಾಗಿ.

ನಿನಗೆ ನೆನಪಿಲ್ಲದಿರುವುದು ಸಹಜ, ಆಗ ನಿನಗೆ ಅಧ್ಯಾಯದ ಅವಸರ. ನಿನ್ನ ಪತ್ರ ನನ್ನ ಹತ್ತಿರ ಇದೆ, ನಾನು ಯಾವ ಕಾಗದವನ್ನೂ ಎಸೆದವನಲ್ಲ. ಇದರ ಜೊತೆ ಅದರ ಜೆರಾಕ್ಸ್ ಇಟ್ಟಿದ್ದೇನೆ. ನನ್ನ ಅಟ್ಲಾಂಟಾದ ವಕೀಲರ ಮಾತು ಇಷ್ಟು: ಕಾನೂನಿನಲ್ಲಿ ತಿಳಿಯದೆ ಮಾಡಿದೆ ಎಂದರೆ ಸಾಲದು. ಆದರೆ ನಾನು ಮೊದಲು ತಿಳಿದವರನ್ನು ಕೇಳಿದೆ, ಅವರು ಹೋಗು ಎಂದರು ಎಂಬುದಕ್ಕೆ ಪುರಾವೆ ಇದ್ದರೆ, ಹೆಂಡತಿಯ ಸ್ಥಿತಿಯನ್ನೂ ತೋರಿಸಿದರೆ, ಹೊರಹಾಕುವುದನ್ನು ಅವರು ಕೈಬಿಡುವ ಸಾಧ್ಯತೆ ಇದೆ. ಬರೆದವರೇ ಹೌದೆಂದು ಎರಡು ಸಾಲು ಪ್ರಮಾಣಪತ್ರ ಕೊಟ್ಟರೆ ಬಲ.

ನಿನ್ನ ಹೆಸರನ್ನು ವಕೀಲರಿಗೂ ಹೇಳಿಲ್ಲ. ಪತ್ರ ನನ್ನ ಪೆಟ್ಟಿಗೆಯಲ್ಲಿದ್ದರೂ ಮಾತು ನಿನ್ನದು. ನೀನು ಹೂಂ ಎಂದರೆ ಮಾತ್ರ ಕೊಡುತ್ತೇನೆ. ಡಿಸೆಂಬರ್ ಕೊನೆಯವರೆಗೆ ಸಮಯವಿದೆ.

ಕರಬಸಪ್ಪ


ಆಶ್‌ಬರ್ನ್
ಡಿಸೆಂಬರ್ 20, 2017

ಸರ್,

ಹೊಸ ವರ್ಷದ ಶುಭಾಶಯಗಳು. ನಾವೆಲ್ಲ ಕ್ಷೇಮ. ಬಸವ್ವನವರಿಗೆ ನಮಸ್ಕಾರ ತಿಳಿಸಿ.

ರೇಣುಕಾದೇವಿ, ತ್ಯಾಗರಾಜ


ಬ್ಯಾಲಂಟೈನ್
ಜನವರಿ 4, 2018

ರೇಣುಕಾ,

ಕಾರ್ಡು ತಲುಪಿತು. ಅರ್ಥವಾಯಿತು.

ಅಕ್ಟೋಬರ್ 19, 2012ರ ಪತ್ರವನ್ನು ಹರಿದು ಹಾಕಿದ್ದೇನೆ. ಕೈಯಾರೆ ಒಂದು ದಾಖಲೆ ನಾಶ ಮಾಡಿದ್ದು ಜೀವಮಾನದಲ್ಲಿ ಇದೇ ಮೊದಲು. ವಕೀಲರಿಗೆ ಪತ್ರ ಸಿಗಲಿಲ್ಲ ಎಂದೆ. ಸುಳ್ಳು ಹೇಳಿದ್ದೂ ಹೆಚ್ಚು ಕಡಿಮೆ ಮೊದಲನೆಯದೇ. ಕೋರ್ಟಿನಲ್ಲಿ ತಪ್ಪೊಪ್ಪಿಕೊಳ್ಳುತ್ತೇನೆ.

ಕರಬಸಪ್ಪ


ಗದಗ
ಡಿಸೆಂಬರ್ 16, 2018

ರೇಣುಕಾ,

ಹಿಂದಿನ ತಿಂಗಳು ನನ್ನನ್ನು ಕಳಿಸಿದರು. ನಾನಾಗಿಯೇ ಹೊರಟರೆ ಜೈಲಿಲ್ಲ ಎಂದರು, ಹೊರಟೆ. ತಂಗಿಯ ಮಗನ ಮನೆಯ ಮಾಳಿಗೆಯಲ್ಲಿದ್ದೇನೆ. ಹೊರಡುವ ದಿನ ಬಸವ್ವನಿಗೆ ಏನೂ ಹೇಳಲಿಲ್ಲ. ಸಂಜೆ ಬರುತ್ತೇನೆ ಎಂದು ಬಂದೆ.

ನೀನು ಹೆದರಿದೆ. ಹೆದರಿದವರನ್ನು ಬೈಯುವುದು ನನಗೆ ಬರುವುದಿಲ್ಲ. ಆದರೆ ಕ್ಷಮಿಸಿದ್ದೇನೆ ಎಂದು ಸುಳ್ಳೂ ಬರೆಯಲಾರೆ. ಸಿಟ್ಟು ಇದೆ, ಊಟಕ್ಕೆ ಕುಳಿತಾಗಲೆಲ್ಲ ಬರುತ್ತದೆ.

ನಿನ್ನಿಂದ ನನಗೆ ಒಂದೇ ಆಗಬೇಕು. ಷಾರ್ಲಟ್ಟಿಗೆ ಹೋಗಿ ಬಸವ್ವನನ್ನು ನೋಡು. ಸ್ಮಿತಾ ಫೋನಿನಲ್ಲಿ “ಅವ್ವ ಆರಾಮ್ ಅದಾಳ, ಉಣ್ಣಾಕತ್ತಾಳ” ಎನ್ನುತ್ತಾಳೆ. ಅವಳು ನನ್ನ ಮಗಳು, ನನಗೆ ನೋವಾಗುವುದನ್ನು ಹೇಳಲಾರಳು. ನೀನು ಹೇಳಬಲ್ಲೆ. ಇದ್ದದ್ದನ್ನು ಇದ್ದ ಹಾಗೆ ಬರೆ. ಸ್ಕಾಟರ ವಿಷಯ ಬೇಡ.

ಕರಬಸಪ್ಪ


ಷಾರ್ಲಟ್
ಮಾರ್ಚ್ 3, 2019

ಸರ್,

ನಿಮ್ಮ ಪತ್ರ ಬಂದ ಮೇಲೂ ಐದು ವಾರ ಮನೆಯಲ್ಲೇ ಕುಳಿತೆ. ಮೊದಲು ಅದನ್ನು ಒಪ್ಪಿಕೊಳ್ಳುತ್ತೇನೆ.

2017ರಲ್ಲಿ ನನಗೆ ಎಲ್ಲ ನೆನಪಿತ್ತು. ನೀವು ಗ್ರೀನ್ ಕಾರ್ಡಿನ ವಿಷಯ ಕೇಳಿದ ಸಾಲನ್ನು 2012ರಲ್ಲಿ ನಾನು ಓದಿಯೇ ಇರಲಿಲ್ಲ. ಕಾರ್ಡು ಬಂದಿದೆ ಎಂಬಲ್ಲಿಯವರೆಗೆ ಓದಿ ಉತ್ತರ ಬರೆದೆ. ಜೆರಾಕ್ಸ್ ಬಂದಾಗ ನನ್ನ ಕೆಲಸದ ಹಿನ್ನೆಲೆ ಪರಿಶೀಲನೆ ನಡೆಯುತ್ತಿತ್ತು. “ಒಂದಕ್ಷರ ಸೈನ್ ಮಾಡ್ಬೇಡ. ನಿನ್ ಕ್ಲಿಯರೆನ್ಸ್ ಹೋದ್ರೆ ಜಾಬ್ ಹೋಯ್ತು. ಸುಮ್ನೆ ಒಂದು ಗ್ರೀಟಿಂಗ್ ಕಳ್ಸಿಬಿಡು” ಎಂದರು ತ್ಯಾಗರಾಜ. ಅವರ ಮೇಲೆ ಹಾಕುತ್ತಿಲ್ಲ. ಅಂಚೆಪೆಟ್ಟಿಗೆಗೆ ಹಾಕಿದವಳು ನಾನೇ. ಕಾಯುತ್ತೇನೆಂದ ದೊಡ್ಡವರು ಕೈಬಿಟ್ಟದ್ದರ ಬಗ್ಗೆ ಇನ್ನೂರು ಪುಟ ಬರೆದವಳು ನಾನು. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ.

ಬಸವ್ವನವರು ತೀರಿಕೊಂಡದ್ದನ್ನು ಸ್ಮಿತಾ ನಿಮಗೆ ಮೊನ್ನೆಯೇ ಹೇಳಿದ್ದಾಳೆ. ಕೊನೆಯವರೆಗೂ ಉಣ್ಣುತ್ತಿದ್ದರು, ನಿದ್ದೆಯಲ್ಲೇ ಹೋದರು ಎಂದಿದ್ದಾಳೆ. ಹಾಗೆ ಆಗಲಿಲ್ಲ, ಸರ್.

ನಾನು ಮೂರು ವಾರ ಇಲ್ಲಿದ್ದೆ. ಮೊದಲ ವಾರ ಎರಡು, ಮೂರು ಚಮಚ ತೆಗೆದುಕೊಂಡರು. ಆಮೇಲೆ ಅದೂ ಇಲ್ಲ. ಮೂಗಿನ ನಳಿಕೆಯನ್ನು ಎಡಗೈಯಿಂದ ಎಳೆದು ಹಾಕಿದರು. ಸ್ಮಿತಾ ಕೆಲಸ ಬಿಟ್ಟು ಬಂದು ಕುಳಿತಳು, ಬೇಡಿಕೊಂಡಳು. ಒಂಬತ್ತು ದಿನ ಏನೂ ತಿನ್ನಲಿಲ್ಲ. ಹೋಗುವಾಗ ಎಚ್ಚರವಿತ್ತು. ಕಣ್ಣು ಬಾಗಿಲ ಕಡೆಗಿತ್ತು.

ಅವರ ಮಾತು ಅರ್ಥವಾಗಲು ನನಗೆ ದಿನಗಳು ಬೇಕಾದವು. ದಿನವೂ ಒಂದನ್ನೇ ಕೇಳುತ್ತಿದ್ದರು: “ನಾ ಉಗುಳಿದೆ ಅಂತ ಸಿಟ್ಟಾಗಿ ಹ್ವಾದ್ರೇನು?” ನೀವು ಹೊರಟ ದಿನ ಮಧ್ಯಾಹ್ನ ಅವರು ಉಗುಳಿದ್ದರಂತೆ. ಅದಕ್ಕೇ ನೀವು ಬರುವುದನ್ನು ಬಿಟ್ಟಿರಿ ಎಂದು ತಿಳಿದಿದ್ದರು.

ನಾನು ಗದ್ದ ಮುಟ್ಟಿ ಹೇಳಿದೆ. “ಇಲ್ಲಮ್ಮಾ, ನಿಮ್ಮಿಂದಲ್ಲ. ನನ್ನಿಂದ ಹೋದರು. ನಾನು ಬರೆದ ಒಂದು ಪತ್ರದಿಂದ ಹೋದರು.” ಎರಡು ಸಲ ಹೇಳಿದೆ. ಆಮೇಲೆ “ಇನ್ನ ಉಗುಳೂದಿಲ್ಲ, ಹೇಳವ್ವಾ ಅವರಿಗೆ” ಎಂದರು.

ರೇಣುಕಾದೇವಿ